ಕೋನನ್‌ನ ಮುಗಿಯದ ಒಂದನೇ ತರಗತಿ

ಪ್ರಶ್ನೆ: ‘ಡಿಟೆಕ್ಟಿವ್ ಕೋನನ್’ ಶುರುವಾಗಿ ಮೂವತ್ತು ವರ್ಷ ದಾಟಿತು. ಹುಡುಗ ಇನ್ನೂ ಒಂದನೇ ತರಗತಿಯಲ್ಲೇ ಇದ್ದಾನೆ. ಕಥೆಯೊಳಗೆ ಎಷ್ಟು ಕಾಲ ಕಳೆದಿದೆ?

ಉತ್ತರ: ಒಂದು ವರ್ಷವೂ ತುಂಬಿಲ್ಲ. ಗೋಶೋ ಅವೊಯಾಮಾ ಈ ಮಂಗಾವನ್ನು (ಜಪಾನಿ ಚಿತ್ರಕಥೆ) 1994ರಲ್ಲಿ ‘ಶೋನೆನ್ ಸಂಡೇ’ ವಾರಪತ್ರಿಕೆಯಲ್ಲಿ ಆರಂಭಿಸಿದರು. ಅನಿಮೆ 1996ರಲ್ಲಿ ಬಂತು. ಸಂಪುಟಗಳು ನೂರು ದಾಟಿದರೂ ವಿಷದ ಮಾತ್ರೆಯಿಂದ ಕೋನನ್ ಎಂಬ ಪುಟ್ಟ ಬಾಲಕನಾದ ಶಿನಿಚಿ ಕುಡೊ ಇಂದಿಗೂ ಹದಿನೇಳರ ಪತ್ತೇದಾರನೇ. ಅಷ್ಟರಲ್ಲಿ ಸಮುದ್ರತೀರದ ಬೇಸಿಗೆಯೂ ಹಿಮದ ಚಳಿಗಾಲವೂ ಮತ್ತೆ ಮತ್ತೆ ಬಂದುಹೋಗಿವೆ.

ಕಾಲದ ಗುಟ್ಟು ಬಿಟ್ಟುಕೊಡುವುದು ಫೋನ್. ಮೊದಮೊದಲು ಶಿನಿಚಿಯ ದನಿಯಲ್ಲಿ ಗೆಳತಿ ರಾನ್ ಜೊತೆ ಮಾತಾಡಲು ಕೋನನ್ ಟೆಲಿಫೋನ್ ಬೂತ್ ಹುಡುಕಬೇಕಿತ್ತು. ಪ್ರೊಫೆಸರ್ ಅಗಾಸಾ ಕೊಟ್ಟ, ಕಿವಿಯೋಲೆಯಂಥ ಫೋನ್ ಆಗ ದೊಡ್ಡ ಸೋಜಿಗ. ಈಗ ಅದೇ ಒಂದನೇ ತರಗತಿಯ ಹುಡುಗ ಸ್ಮಾರ್ಟ್‌ಫೋನ್ ಹಿಡಿದಿದ್ದಾನೆ! ಇದನ್ನು ಲೇಖಕರ ಮರೆವು ಎನ್ನಲು ನನಗೆ ಮನಸ್ಸಿಲ್ಲ. ಪತ್ತೇದಾರಿ ಕಥೆ ಓದುಗರ ಇಂದಿನ ಜಗತ್ತಿನಲ್ಲೇ ನಡೆಯಬೇಕು. ಇಲ್ಲವಾದರೆ ಸುಳಿವು ಹಿಡಿಯುವ ಸುಖವೇ ಇಲ್ಲ. ಪಾತ್ರಗಳಿಗೆ ವಯಸ್ಸಾಗದಿರುವುದು ಜಪಾನಿನಲ್ಲಿ ಹೊಸದೂ ಅಲ್ಲ: 1969ರಿಂದ ಟಿವಿಯಲ್ಲಿರುವ ‘ಸಜಾಎ-ಸಾನ್’ ಕುಟುಂಬಕ್ಕೂ ವಯಸ್ಸಾಗಿಲ್ಲ.

  

ಹಳೆಯ ಸಂಪುಟ ಸಿಕ್ಕರೆ ಪಾತ್ರಗಳ ಕೈಯಲ್ಲಿರುವ ಫೋನನ್ನೇ ನೋಡಿ, ಬರೆದ ಕಾಲ ಅಂದಾಜಾಗುತ್ತದೆ.