ಮುಂಬಯಿ ಪ್ರೇಷಕವೂ ಅದು ಮುಟ್ಟದ ಕನ್ನಡ ಸೀಮೆಯೂ

1927ರ ಜುಲೈ 23ರಂದು ವೈಸರಾಯ್ ಲಾರ್ಡ್ ಇರ್ವಿನ್ ಮುಂಬಯಿ ಬಾನುಲಿ ಕೇಂದ್ರವನ್ನು ಉದ್ಘಾಟಿಸಿದರೆಂಬುದು ಸರ್ವವಿದಿತ. ಆಗ ಧಾರವಾಡ, ಬೆಳಗಾವಿ, ವಿಜಾಪುರಗಳು ಮುಂಬಯಿ ಪ್ರಾಂತಕ್ಕೇ ಸೇರಿದ್ದುದರಿಂದ ಅಲ್ಲಿಯ ಬಾನುಲಿ ಚರಿತ್ರೆಯನ್ನೂ ಅಂದಿನಿಂದಲೇ ಗಣಿಸಬಹುದೆಂದು ಹೊರನಾಡಿನ ಸಂಶೋಧಕರಿಗೆ ತೋರೀತು. ನಮಗದು ಸಮ್ಮತವಲ್ಲ.

ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿ ಸ್ಥಾಪಿಸಿದ ಆ ಮಧ್ಯಮ ತರಂಗ ಪ್ರೇಷಕದ (ಟ್ರಾನ್ಸ್‌ಮಿಟರಿನ) ಶಕ್ತಿ ಕೇವಲ 1.5 ಕಿಲೋವ್ಯಾಟ್. ಅದು ಸ್ಪಷ್ಟವಾಗಿ ಕೇಳಿಸುತ್ತಿದ್ದುದು ಸುಮಾರು 30 ಮೈಲಿಗಳವರೆಗೆ, ಎಂದರೆ ಕಲ್ಯಾಣದ ಆಸುಪಾಸಿನ ತನಕ. ಮಧ್ಯಮ ತರಂಗವು ಹಗಲಿನಲ್ಲಿ ನೆಲವನ್ನು ಅನುಸರಿಸಿ ಸಾಗುತ್ತ ಕ್ಷೀಣಿಸುತ್ತದೆ. ಇರುಳಿನಲ್ಲಿ ಅಯಾನುಮಂಡಲದಿಂದ ಪ್ರತಿಫಲಿಸಿ ದೂರಕ್ಕೆ ತಲುಪುವುದುಂಟು, ಅದೂ ಏರಿಳಿತದೊಡನೆ. 400 ಕಿಲೋಮೀಟರಿಗೂ ಆಚೆಯ ಧಾರವಾಡಕ್ಕೆ ಅದು ನೆಚ್ಚುವಂತಹ ಧ್ವನಿಯಾಗಿರಲು ಶಕ್ಯವಿರಲಿಲ್ಲ. (ಪ್ರಾಂತದ ಗಡಿ ಭೂಪಟದಲ್ಲಿತ್ತೇ ಹೊರತು ತರಂಗದಲ್ಲಿರಲಿಲ್ಲ.) 10 ರೂಪಾಯಿಯ ಲೈಸೆನ್ಸ್ ಶುಲ್ಕವನ್ನೇ ಬಹುಮಟ್ಟಿಗೆ ಅವಲಂಬಿಸಿದ್ದ ಕಂಪನಿಯು ಕೇಳುಗರು ಸಾಲದೆ 1930ರಲ್ಲಿ ಮುಚ್ಚಿತು, ಕೇಂದ್ರವನ್ನು ಸರಕಾರ ವಹಿಸಿಕೊಂಡಿತು.

1935ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ಆರಂಭಿಸಿದ ‘ಆಕಾಶವಾಣಿ’ಯ ಪುಟ್ಟ ಪ್ರೇಷಕ ಬೇರೊಂದು ಸಂಸ್ಥಾನದ ಮಾತು. 1938ರಲ್ಲಿ ಮುಂಬಯಿಗೆ ಹ್ರಸ್ವ ತರಂಗ ಪ್ರೇಷಕ ಬಂದ ಮೇಲೆ ದೂರದ ಊರುಗಳಿಗೆ ಅದರ ದನಿ ದಕ್ಕಿತು. ಆದರೆ ಮುಂಬಯಿ ಕರ್ನಾಟಕದ ಸ್ವಂತ ಬಾನುಲಿಯ ಚರಿತ್ರೆಯನ್ನು 1950ರ ಜನವರಿ 8ರಂದು ಧಾರವಾಡ ಕೇಂದ್ರ ತೆರೆದಲ್ಲಿಂದ ಗಣಿಸುವುದೇ ಯುಕ್ತವೆಂದು ನಾವು ಭಾವಿಸುತ್ತೇವೆ.