ರಾಣಿ ಆಳದ ಗೂಡು

ಅಣ್ಣಿಗೇರಿ, ನವಲಗುಂದ ಕಡೆ ಮಾಳಿಗೆಮನೆಯ ತೊಲೆಗೆ ಕಣಜದ ಹುಳ ಗೂಡು ಕಟ್ಟಿತೆಂದರೆ ಹೊಗೆ ಹಾಕಿ ಓಡಿಸುವುದೇ ರೂಢಿ. ಮನುಷ್ಯನಿಗೆ ಸರಕಾರ ಬೇಕೇ ಬೇಡವೇ ಎಂಬ ದೊಡ್ಡ ಜಗಳದಲ್ಲಿ ಆ ಹುಳವೂ ಸಾಕ್ಷಿ ಹೇಳುತ್ತದೆಂದರೆ ಹೊಗೆ ಹಾಕುವವರು ನಕ್ಕಾರು.

ಜಗಳ ಹಳೆಯದು. ರಷ್ಯದ ಪೀಟರ್ ಕ್ರೊಪೊಟ್ಕಿನ್ 1862ರಲ್ಲಿ ಸೇನಾಧಿಕಾರಿಯಾಗಿ ಸೈಬೀರಿಯಕ್ಕೆ ಹೋದ. ಡಾರ್ವಿನ್‌ನನ್ನು ಓದಿಕೊಂಡಿದ್ದ ಅವನು, ಪ್ರಾಣಿಶಾಸ್ತ್ರಜ್ಞ ಪೊಲ್ಯಾಕೊವ್ ಜೊತೆ ಒಂದೇ ಜಾತಿಯ ಪ್ರಾಣಿಗಳ ಕಿತ್ತಾಟವನ್ನು ಹುಡುಕಿಯೇ ಹುಡುಕಿದ. ಕಂಡದ್ದೇ ಬೇರೆ: ಹಿಮಕ್ಕೆ ಹೆದರಿದ ಸಾವಿರಾರು ಜಿಂಕೆಗಳು ದೂರದೂರದಿಂದ ಬಂದು ಕೂಡಿ, ಅಮೂರ್ ನದಿ ಕಿರಿದಾದಲ್ಲಿ ಒಟ್ಟಿಗೆ ದಾಟುತ್ತಿದ್ದವು. 1888ರಲ್ಲಿ ಇಂಗ್ಲೆಂಡಿನ ಜೀವಶಾಸ್ತ್ರಜ್ಞ ಹಕ್ಸ್‌ಲಿ ನಿಸರ್ಗವನ್ನು ಕತ್ತಿಕಾಳಗದ ಅಖಾಡಕ್ಕೆ ಹೋಲಿಸಿದಾಗ ಕ್ರೊಪೊಟ್ಕಿನ್ ಲೇಖನಮಾಲೆಯಲ್ಲೇ ಉತ್ತರ ಕೊಟ್ಟ. ಅದೇ 1902ರಲ್ಲಿ ‘ಮ್ಯೂಚುಯಲ್ ಏಡ್’ ಪುಸ್ತಕವಾಯಿತು. ಪರಸ್ಪರ ನೆರವು ಪ್ರಾಣಿಗಳಿಗೇ ಸಹಜವಾಗಿದ್ದರೆ ಮನುಷ್ಯನ ತಲೆಯ ಮೇಲೆ ದಂಡಧಾರಿ ಯಾಕೆ? ಅರಾಜಕತಾವಾದಕ್ಕೆ ಜಿಂಕೆ, ಇರುವೆಗಳ ಬಲ ಬಂದದ್ದು ಹೀಗೆ.

ಗೂಡಿನೊಳಗೆ ಅಪ್ಪಣೆ ಕೊಡುವವರು ಯಾರೆಂದು ಪರೀಕ್ಷಿಸಿ ನೋಡಿದ ಒಂದು ಕೆಲಸ ನಮ್ಮ ಬೆಂಗಳೂರಿನದು. ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗಕರ್ ಮತ್ತು ಸಂಗಡಿಗರು ‘ರೊಪಾಲಿಡಿಯ ಮಾರ್ಜಿನೇಟ’ ಎಂಬ ಕಣಜದ ಒಂದೊಂದು ಹುಳಕ್ಕೂ ಬಣ್ಣದ ಚುಕ್ಕೆ ಇಟ್ಟು, ಯಾರು ಯಾರನ್ನು ಕಚ್ಚಿದರು, ಯಾರು ಮೇವು ತಂದರು ಎಂದು ದಾಖಲಿಸಿದರು. ರಾಣಿ ಮುಕಾದಮನ ಹಾಗೆ ಉಳಿದವರನ್ನು ಕೆಲಸಕ್ಕೆ ಅಟ್ಟುತ್ತಾಳೆಂಬುದು ಇಂಥ ಕಣಜಗಳ ಬಗ್ಗೆ ಆಗ ಇದ್ದ ನಂಬಿಕೆ. ಇಲ್ಲಿನ ರಾಣಿಯೋ ಪರಮ ಸಾಧು! ಅವಳನ್ನು ಎತ್ತಿಟ್ಟರೂ ಮೇವು ತರುವ ಕೆಲಸ ನಿಲ್ಲಲಿಲ್ಲ; ಆಳುಗಳೇ ತಮ್ಮತಮ್ಮಲ್ಲಿ ನೂಕಾಡಿ, ಕಚ್ಚಿ ಕೆಲಸ ಸಾಗಿಸಿದವು.

ಮುಂದೆ ಗೂಡನ್ನೇ ಎರಡು ಹೋಳು ಮಾಡಿ, ನಡುವೆ ತಂತಿಜಾಲರಿ ಹಾಕಿ, ರಾಣಿಯನ್ನು ಆಚೀಚೆ ಬದಲಾಯಿಸಿದರು. ರಾಣಿ ಇಲ್ಲದ ಹೋಳಿನಲ್ಲಿ ಒಂದು ಆಳು ತಟ್ಟನೆ ಜೋರಾಗುತ್ತಿತ್ತು. ಆದರೆ ನಿಜವಾದ ವಾರಸುದಾರಳು ಬಂದರೆ ಅದು ತೆಪ್ಪಗಾಗುತ್ತಿತ್ತು. ಮುಂದಿನ ರಾಣಿ ಯಾರೆಂದು ನೋಡುವ ನಮಗೆ ತಿಳಿಯದಿದ್ದರೂ ಹುಳಗಳಿಗೆ ಮೊದಲೇ ಗೊತ್ತಿರುತ್ತದೆಂದು 2008ರಲ್ಲಿ ಪ್ರಕಟಿಸಿದರು.

ಕ್ರೊಪೊಟ್ಕಿನ್‌ನ ಪಕ್ಷಕ್ಕೆ ಇದು ಅರ್ಧ ಗೆಲುವಷ್ಟೇ. ಕೆಲಸಕ್ಕೆ ಅರಸು ಬೇಕಿಲ್ಲ, ಸರಿ. ಮೊಟ್ಟೆ ಇಡುವ ಹಕ್ಕು ಮಾತ್ರ ಒಬ್ಬಳದೇ. ಮೇಲಾಗಿ ಇದೇ ಕುಲದ ‘ರೊಪಾಲಿಡಿಯ ಸಯಾಥಿಫಾರ್ಮಿಸ್’ ರಾಣಿ ಜೋರಿನವಳು, ಉಳಿದವರ ಮೇಲೆ ದರ್ಬಾರು ನಡೆಸುವವಳು.