ಎರಡು ಕಂಪ್ಯೂಟರ್, ಒಂದೇ ಪಟ್ಟಿ: ಸಿಂಕ್ ಹೇಗೆ ನಡೆಯುತ್ತೆ?

ನಮ್ಮ ಟಿಪ್ಪಣಿಗಳು, ಮಾಡಬೇಕಾದ ಕೆಲಸಗಳ ಪಟ್ಟಿ, ಇವು ಮುಖ್ಯ ಕಂಪ್ಯೂಟರಲ್ಲೂ ಬ್ಯಾಕಪ್ ಕಂಪ್ಯೂಟರಲ್ಲೂ ಒಂದೇ ಥರ ಇರಬೇಕು ಅಂದರೆ ಏನು ಮಾಡಬೇಕು? ಫೈಲ್ ಕಾಪಿ ಮಾಡೋದು ಸುಲಭ. ಎರಡರಲ್ಲಿ ಯಾವುದು ಹೊಸದು ಅಂತ ತೀರ್ಮಾನ ಮಾಡೋದೇ ಕಷ್ಟ.

ಒಂದು ಉದಾಹರಣೆ ಕಲ್ಪಿಸಿಕೊಳ್ಳಿ. ತಮ್ಮನ ಮನೆ ಡೆಟ್ರಾಯ್ಟ್ ಹತ್ತಿರದ ನೋವೈನಲ್ಲಿ. ಅಕ್ಕನ ಮನೆ ಶಿಕಾಗೋ ಪಕ್ಕದ ನೇಪರ್‌ವಿಲ್‌ನಲ್ಲಿ; ಬ್ಯಾಕಪ್ ಲ್ಯಾಪ್‌ಟಾಪ್ ಇರೋದು ಅಲ್ಲೇ. ನವೆಂಬರ್ ಕೊನೆಯಲ್ಲಿ ರಾಜ್ಯೋತ್ಸವದ ಕಾರ್ಯಕ್ರಮ. ತಮ್ಮ ಬೆಳಿಗ್ಗೆ 10:00ಕ್ಕೆ ಪಟ್ಟಿಯಲ್ಲಿ "ಊಟ 120 ಜನಕ್ಕೆ" ಅಂತ ಬರೀತಾನೆ. ಅರ್ಧ ಗಂಟೆ ಬಿಟ್ಟು ಅಕ್ಕ ಅದನ್ನ 150 ಮಾಡ್ತಾಳೆ. ಆದರೆ ಶಿಕಾಗೋ ಗಡಿಯಾರ ಡೆಟ್ರಾಯ್ಟ್‌ಗಿಂತ ಒಂದು ಗಂಟೆ ಹಿಂದೆ. ಆಗ ಅಕ್ಕನ ಲ್ಯಾಪ್‌ಟಾಪಲ್ಲಿ 9:30. ಬರೀ ಗಡಿಯಾರ ನೋಡೋ ತಂತ್ರಾಂಶಕ್ಕೆ ತಮ್ಮನದೇ ಹೊಸದಾಗಿ ಕಾಣುತ್ತೆ. 150 ಹೋಗಿ 120 ಉಳಿಯುತ್ತೆ. ಮೂವತ್ತು ಜನಕ್ಕೆ ಊಟ ಇಲ್ಲ!

ಈ ಎರಡು ಊರುಗಳಿಗೆ ಸಮಯದ ಗೊಂದಲ ಹೊಸದೇನಲ್ಲ. ಅಮೆರಿಕದ ರೈಲು ಕಂಪನಿಗಳು ಒಂದೇ ಪದ್ಧತಿಯ ಸಮಯ ವಲಯಗಳನ್ನ ಒಪ್ಪಿಕೊಂಡಿದ್ದು 1883ರಲ್ಲಿ, ಶಿಕಾಗೋದಲ್ಲಿ ನಡೆದ ಸಭೆಯಲ್ಲಿ. ಡೆಟ್ರಾಯ್ಟ್ ಮಾತ್ರ ಸ್ಥಳೀಯ ಸೂರ್ಯನ ಸಮಯವನ್ನ ಬಹುಕಾಲ ಬಿಡಲಿಲ್ಲ. ಆಮೇಲೆ ಶಿಕಾಗೋದ ಸಮಯಕ್ಕೆ ಬಂದು, 1915ರಲ್ಲಿ ಪೂರ್ವ ವಲಯಕ್ಕೆ ಬದಲಾಯಿತು.

ಇದಕ್ಕೆ ಮೊದಲ ಮದ್ದು ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಗಡಿಯಾರ. ಚಳಿಗಾಲದಲ್ಲಿ ಡೆಟ್ರಾಯ್ಟ್ ಇದಕ್ಕಿಂತ 5 ಗಂಟೆ, ಶಿಕಾಗೋ 6 ಗಂಟೆ ಹಿಂದೆ. ಹಾಗಾಗಿ ತಮ್ಮನದು 15:00, ಅಕ್ಕನದು 15:30. ಅಕ್ಕ ಗೆದ್ದಳು.

ಆದರೆ ತಿಂಗಳುಗಟ್ಟಲೆ ಮುಚ್ಚಿಟ್ಟ ಹಳೇ ಲ್ಯಾಪ್‌ಟಾಪಿನ ಗಡಿಯಾರವೇ ತಪ್ಪಿದ್ದರೆ? 1978ರಲ್ಲಿ ಲೆಸ್ಲಿ ಲ್ಯಾಂಪೋರ್ಟ್ ಒಂದು ಪ್ರಸಿದ್ಧ ಪ್ರಬಂಧದಲ್ಲಿ, ಘಟನೆಗಳನ್ನ ಕ್ರಮವಾಗಿ ಜೋಡಿಸೋಕೆ ಗೋಡೆ ಗಡಿಯಾರ ಬೇಕಿಲ್ಲ, ಎಣಿಕೆ ಸಾಕು ಅಂತ ತೋರಿಸಿದರು. ಇದೇ ದಾರಿಯಲ್ಲಿ ಬೆಳೆದ ಒಂದು ವಿಧಾನ ಹೀಗಿದೆ. ಪ್ರತಿ ಟಿಪ್ಪಣಿಯ ಜೊತೆ, ಯಾವ ಯಂತ್ರ ಎಷ್ಟು ಸಲ ಅದನ್ನ ತಿದ್ದಿದೆ ಅನ್ನೋ ಲೆಕ್ಕ ಇರುತ್ತೆ. ಎರಡೂ ಕಡೆ "ನೋವೈ 3, ನೇಪರ್‌ವಿಲ್ 2" ಇದೆ ಅಂದುಕೊಳ್ಳಿ. ಅಕ್ಕ ತಿದ್ದಿದರೆ ಅವಳ ಕಡೆ 3, 3. ಇದು ಖಂಡಿತ ಹೊಸದು. ಆದರೆ ಸಿಂಕ್ ಆಗೋ ಮುಂಚೆ ತಮ್ಮನೂ ತಿದ್ದಿದರೆ ಅವನದು 4, 2. ಇವೆರಡರಲ್ಲಿ ಯಾವುದೂ ಇನ್ನೊಂದರ ಮುಂದುವರಿಕೆ ಅಲ್ಲ. ಇದು ನಿಜವಾದ ತಕರಾರು. ಒಳ್ಳೆ ತಂತ್ರಾಂಶ ಎರಡನ್ನೂ ಉಳಿಸಿ, ನಿರ್ಧಾರ ನಿಮಗೇ ಬಿಡುತ್ತೆ.

ಅಳಿಸೋದು ಇನ್ನೂ ಸೂಕ್ಷ್ಮ. ನೀವು ಇಲ್ಲಿ ಒಂದು ಕೆಲಸ ಅಳಿಸಿದಿರಿ. ಅಲ್ಲಿ ಅದು ಇನ್ನೂ ಇದೆ. ಹಾಗಾದರೆ ಅದು ಇಲ್ಲಿ ಅಳಿಸಿದ್ದೋ, ಅಲ್ಲಿ ಹೊಸದಾಗಿ ಸೇರಿಸಿದ್ದೋ? ಅದಕ್ಕೇ ತಂತ್ರಾಂಶ "ಇಲ್ಲೊಂದಿತ್ತು, ಅಳಿಸಲಾಗಿದೆ" ಅನ್ನೋ ಗುರುತು ಇಟ್ಟುಕೊಳ್ಳುತ್ತೆ. ಆ ಗುರುತನ್ನ ಬೇಗ ತೆಗೆದುಹಾಕಿದರೆ, ಬಹಳ ದಿನ ಆಫ್ ಆಗಿದ್ದ ಬ್ಯಾಕಪ್ ಕಂಪ್ಯೂಟರ್ ಎದ್ದ ತಕ್ಷಣ ಮುಗಿದ ಕೆಲಸಗಳೆಲ್ಲ ಮತ್ತೆ ಪಟ್ಟಿಗೆ ಬಂದು ಕೂರುತ್ತವೆ. ಹಾಗಾಗಿ ಆ ಕಂಪ್ಯೂಟರನ್ನ ವಾರಕ್ಕೊಮ್ಮೆಯಾದರೂ ಆನ್ ಮಾಡಿ.

ಕಾಪಿ ಸರಿಯಾಗಿ ತಲುಪಿದೆಯಾ ಅನ್ನೋ ಪ್ರಶ್ನೆಗೆ ಶಿಕಾಗೋದವರೇ ಆದ ವಾರ್ಡ್ ಕ್ರಿಸ್ಟೆನ್ಸನ್ 1977ರಲ್ಲಿ ಒಂದು ಸರಳ ಉತ್ತರ ಕೊಟ್ಟರು. ಅವರ ಎಕ್ಸ್‌ಮೋಡೆಮ್ ಫೈಲನ್ನ 128 ಬೈಟ್‌ಗಳ ತುಂಡು ಮಾಡಿ, ಪ್ರತಿ ತುಂಡಿನ ಜೊತೆ ಅದರ ಮೊತ್ತದ ತಾಳೆ ಕಳಿಸುತ್ತಿತ್ತು. ತಾಳೆ ಆಗದಿದ್ದರೆ ಆ ತುಂಡನ್ನ ಮತ್ತೆ ಕಳಿಸಬೇಕು. ಇವತ್ತಿನ ತಂತ್ರಾಂಶಗಳೂ ಹೀಗೇ ತಾಳೆ ನೋಡುತ್ತವೆ. ಲೆಕ್ಕ ಮಾತ್ರ ಇನ್ನೂ ಬಿಗಿ.

ಕೊನೆಗೆ, ದಯವಿಟ್ಟು ನೆನಪಿಡಿ: ಸಿಂಕ್ ಬೇರೆ, ಬ್ಯಾಕಪ್ ಬೇರೆ. ನೋವೈನಲ್ಲಿ ಕೈತಪ್ಪಿ ಅಳಿಸಿದ್ದು ಕೆಲವೇ ಕ್ಷಣಗಳಲ್ಲಿ ನೇಪರ್‌ವಿಲ್‌ನಲ್ಲೂ ಅಳಿಸಿಹೋಗುತ್ತೆ. ಅದಕ್ಕೆ ಹಳೇ ಆವೃತ್ತಿಗಳನ್ನ ಉಳಿಸೋ ಆಯ್ಕೆ ಆನ್ ಮಾಡಿ. ಸಿಂಕ್‌ಗೆ ಸೇರದ ಇನ್ನೊಂದು ಪ್ರತಿ ಬೇರೆ ಡ್ರೈವ್‌ನಲ್ಲಿರಲಿ. ಆಗಾಗ ಅದರಿಂದ ಒಂದು ಫೈಲ್ ವಾಪಸ್ ತೆಗೆದು ನೋಡಿ. ತೆರೆಯದ ಬ್ಯಾಕಪ್ ಇದ್ದೂ ಇಲ್ಲದ ಹಾಗೆ.